ಹೇಳಿಕೊಡುವ ಅಕ್ಕನಿಗೂ ಹದಿನಾರೇ ವರ್ಷ

ಬೆಂಗಳೂರಿನ ಇಂದಿರಾನಗರದ ಅಪಾರ್ಟ್‌ಮೆಂಟಿನಲ್ಲಿ ಕೂತ ಹನ್ನೊಂದನೇ ತರಗತಿಯ ಹುಡುಗಿ ಕೆ.ಆರ್.ಪುರದ ಸರ್ಕಾರಿ ಶಾಲೆಯ ಆರನೇ ತರಗತಿಯ ಹುಡುಗನಿಗೆ ವಿಡಿಯೊ ಕರೆಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಾಳೆ. ಕೆಲ ವರ್ಷಗಳ ಹಿಂದಾಗಿದ್ದರೆ ಇದು ಫೋಟೊ ಸಮೇತ ಪತ್ರಿಕೆಗೆ ಬರುವ ಸುದ್ದಿ. ಈಗ ಮಾಮೂಲು. ಲಾಕ್‌ಡೌನಿನಲ್ಲಿ ಅಂಟಿದ ಅಭ್ಯಾಸ ಶಾಲೆ ತೆರೆದ ಮೇಲೂ ಬಿಡಲಿಲ್ಲ. ದಂಡು ಪ್ರದೇಶದ, ಇಂದಿರಾನಗರದ, ಅದರಾಚೆಯ ಇಂಗ್ಲಿಷ್ ಶಾಲೆಗಳ ದೊಡ್ಡ ತರಗತಿಯ ಮಕ್ಕಳು ವಾರಕ್ಕೆ ಒಂದೆರಡು ಸಂಜೆ ಎಲ್ಲಿಯದೋ ಚಿಕ್ಕ ಮಕ್ಕಳಿಗೆ ಆನ್‌ಲೈನಿನಲ್ಲಿ ಪಾಠ ಹೇಳುತ್ತಾರೆ. ಒಳ್ಳೆಯ ಕೆಲಸ. ಕೆಟ್ಟದ್ದಾಗಿದ್ದರೆ ನಿಲ್ಲಿಸಿ ಎಂದು ಒಂದು ಸಾಲು ಬರೆದು ಮುಗಿಸಬಹುದಿತ್ತು. ಒಳ್ಳೆಯದಾದ್ದರಿಂದಲೇ, ಏನಾದರೂ ಅನಾಹುತವಾಗುವ ಮೊದಲೇ, ನಾಲ್ಕು ಮಾತು ನಿಷ್ಠುರವಾಗಿ ಹೇಳಬೇಕಾಗಿದೆ.

ಆ ಕರೆಯ ಎರಡೂ ತುದಿಯಲ್ಲಿ ಇರುವವರು ಮಕ್ಕಳು. ಕಲಿಯುವವನು ಮಗು ಎಂಬುದು ಎಲ್ಲರಿಗೂ ಗೊತ್ತು. ಹೇಳಿಕೊಡುವವಳಿಗೂ ಹದಿನಾರೇ ವರ್ಷ ಎಂಬುದನ್ನು ಮಾತ್ರ ಎರಡೂ ಕಡೆಯ ಶಾಲೆಗಳು ಮರೆತಂತಿದೆ. ಶಿವಾಜಿನಗರದಲ್ಲಿ ಅವಳು ‘ಆಪಾ’, ಮರ್ಫಿ ಟೌನಿನಲ್ಲಿ ‘ಅಕ್ಕಾ’, ಒಮ್ಮೊಮ್ಮೆ ಬಾಯಿತಪ್ಪಿ ‘ಮಿಸ್’. ಮಿಸ್ ಅನ್ನಿಸಿಕೊಂಡ ಮೇಲೆ ಅವಳನ್ನು ನೋಡಿಕೊಳ್ಳುವವರು ಯಾರೂ ಬೇಡ ಎಂದಾಯಿತು. ನಮ್ಮ ಆತಂಕದ ಬೇರು ಇಲ್ಲಿದೆ.

ಮಕ್ಕಳು ಇದಕ್ಕೆ ಇಳಿಯುವುದು ಬರೀ ಪ್ರೀತಿಯಿಂದ ಎಂದೇನೂ ಅಲ್ಲ, ಅದರಲ್ಲಿ ತಪ್ಪೂ ಇಲ್ಲ. ಐಬಿ ಶಾಲೆಗಳ ಡಿಪ್ಲೊಮಾದಲ್ಲಿ ಸೃಜನಶೀಲತೆ, ಚಟುವಟಿಕೆ, ಸೇವೆ ಎಂಬ ‘ಸಿಎಎಸ್’ ಕಡ್ಡಾಯ. ಐಸಿಎಸ್‌ಇಯಲ್ಲಿ ಎಸ್‌ಯುಪಿಡಬ್ಲ್ಯು (ಸಮಾಜೋಪಯೋಗಿ ಉತ್ಪಾದಕ ಕೆಲಸ) ಜೊತೆ ಸಮುದಾಯ ಸೇವೆ ಹಿಂದಿನಿಂದಲೂ ಇದೆ. ಸಿಬಿಎಸ್‌ಇ 2018ರಲ್ಲಿ ‘ಸೇವಾ’ ಎಂಬ ಹೆಸರಿನಲ್ಲಿ ಒಂಬತ್ತರಿಂದ ಹನ್ನೆರಡರವರೆಗಿನ ಮಕ್ಕಳಿಗೆ ಇಂಥದ್ದೇ ಒಂದನ್ನು ಸೇರಿಸಿತು. ಇದರ ಮೇಲೆ ವಿದೇಶಿ ವಿಶ್ವವಿದ್ಯಾಲಯದ ಅರ್ಜಿ. ಖಾನ್ ಅಕಾಡೆಮಿಯ ಸಲ್ಮಾನ್ ಖಾನ್ 2020ರಲ್ಲಿ ಶುರು ಮಾಡಿದ ‘ಸ್ಕೂಲ್‌ಹೌಸ್ ಡಾಟ್ ವರ್ಲ್ಡ್’ನಲ್ಲಿ ಹೈಸ್ಕೂಲು ಮಕ್ಕಳೇ ಬೇರೆ ಮಕ್ಕಳಿಗೆ ಬಿಟ್ಟಿಯಾಗಿ ಪಾಠ ಹೇಳುತ್ತಾರೆ. ಅಲ್ಲಿ ಕಲಿಸಿದ ದಾಖಲೆಯನ್ನು ಷಿಕಾಗೊ ವಿಶ್ವವಿದ್ಯಾಲಯ, ಎಂಐಟಿಯಂಥವು ಅರ್ಜಿಯ ಜೊತೆ ನೋಡುತ್ತವೆ. ಹೀಗಾಗಿ ಗಂಟೆಗೆ ಬೆಲೆ ಬಂತು. ಮೂವತ್ತು ಗಂಟೆ, ಐವತ್ತು ಗಂಟೆ, ಕೊನೆಗೊಂದು ಸರ್ಟಿಫಿಕೇಟು. ಗಂಟೆ ತುಂಬಿದ ಮೇಲೆ ಆ ಕಡೆಯ ಮಗು ಏನಾಯಿತು ಎಂದು ಕೇಳುವ ಕಾಲಂ ಯಾವ ಫಾರ್ಮಿನಲ್ಲೂ ಇದ್ದಂತಿಲ್ಲ.

ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವುದು ನಮಗೆ ಹೊಸದೂ ಅಲ್ಲ, ಪರದೇಶದ ಸರಕೂ ಅಲ್ಲ. ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಕೋಣೆಗೆ ಯಾರಾದರೂ ಹೋಗಿ ನೋಡಬಹುದು. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಮೊಳೆತು, 2009ರ ಹೊತ್ತಿಗೆ ರಾಜ್ಯದ ತುಂಬ ಹರಡಿದ ಪದ್ಧತಿ ಅದು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಐದು ಗುಂಪಾಗಿ ಕೂರುತ್ತಾರೆ. ಶಿಕ್ಷಕರ ಪೂರ್ತಿ ನೆರವಿನ ಗುಂಪು ಒಂದು, ಅರೆ ನೆರವಿನದು ಇನ್ನೊಂದು, ಆಮೇಲೆ ಜೊತೆಗಾರರ ಪೂರ್ತಿ ನೆರವು, ಜೊತೆಗಾರರ ಅರೆ ನೆರವು, ಕೊನೆಗೆ ತಾನೇ ಕಲಿಯುವ ಗುಂಪು. ಮೂರನೇ ತರಗತಿಯವಳು ಒಂದನೇ ತರಗತಿಯವನ ಕೈ ಹಿಡಿದು ‘ರ’ ತಿದ್ದಿಸುತ್ತಾಳೆ. ತಪ್ಪು ತಿದ್ದಿಸಿದರೆ ನಾಲ್ಕು ಅಡಿ ಆಚೆ ಕೂತ ಟೀಚರ್ ತಲೆಯೆತ್ತಿ ಸರಿಮಾಡುತ್ತಾರೆ. ಜೊತೆಗಾರರ ಗುಂಪಿನಲ್ಲಿ ಕೂರಬೇಕಾದ ಮಗು ಯಾವುದು, ಎಷ್ಟು ದಿನ ಎಂಬುದನ್ನೂ ಅವರೇ ತೀರ್ಮಾನಿಸುತ್ತಾರೆ. ಆನ್‌ಲೈನ್ ಪಾಠ ಈ ಪದ್ಧತಿಯಿಂದ ಜೊತೆಗಾರರ ನೆರವನ್ನು ಎತ್ತಿಕೊಂಡು, ನಾಲ್ಕು ಅಡಿ ದೂರದ ಟೀಚರನ್ನು ಅಲ್ಲೇ ಬಿಟ್ಟು ಬಂದಿದೆ.

ಹೀಗೆ ಬಿಟ್ಟುಬಂದರೆ ಏನಾಗುತ್ತದೆ ಎಂಬುದಕ್ಕೆ ದಂಡು ಪ್ರದೇಶಕ್ಕೆ ಹತ್ತಿರದ್ದೇ ಒಂದು ಚರಿತ್ರೆ ಇದೆ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬಂದು ಹಲಸೂರಿನ ಮಗ್ಗುಲಲ್ಲಿ ಬೀಡುಬಿಟ್ಟದ್ದು ಮದ್ರಾಸಿನ ಸೈನ್ಯ. ಅದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು ಅದೇ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗೊಂದು ಶಾಲೆ ತೆರೆದಿತ್ತು. ಅದರ ಮೇಲ್ವಿಚಾರಕ ಆಂಡ್ರ್ಯೂ ಬೆಲ್ ಎಂಬ ಪಾದ್ರಿ. ಸುತ್ತಲಿನ ಊರ ಶಾಲೆಯಲ್ಲಿ ಮಕ್ಕಳು ಮರಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ನೋಡಿ ಆತನಿಗೆ ಖುಷಿಯಾಯಿತು. ತನ್ನ ಕೈಕೆಳಗಿನ ಮೇಷ್ಟ್ರುಗಳಿಂದ ಅದು ಆಗದಿದ್ದಾಗ ಜಾನ್ ಫ್ರಿಸ್ಕಿನ್ ಎಂಬ ಎಂಟು ವರ್ಷದ ಹುಡುಗನನ್ನೇ ಕರೆದು ಅಕ್ಷರದ ತರಗತಿ ವಹಿಸಿದ. ಹುಡುಗ ಗೆದ್ದ. ಬೆಲ್ ಊರಿಗೆ ಮರಳಿ 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ಪುಸ್ತಕ ತಂದ, ‘ಮದ್ರಾಸ್ ಪದ್ಧತಿ’ ಎಂದು ಅದಕ್ಕೆ ಹೆಸರಾಯಿತು. ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ ಹೆಚ್ಚುಕಡಿಮೆ ಅದೇ ಕಾಲಕ್ಕೆ ಲಂಡನ್ನಿನ ಬಡಮಕ್ಕಳಿಗೆ ಇಂಥದ್ದೇ ಶಾಲೆ ತೆರೆದ. ನೂರಾರು ಮಕ್ಕಳಿಗೆ ಒಬ್ಬನೇ ಮೇಷ್ಟ್ರು, ಉಳಿದದ್ದೆಲ್ಲ ಮಕ್ಕಳ ಕೈಯಲ್ಲೇ. ಸರ್ಕಾರಕ್ಕೂ ಚರ್ಚಿಗೂ ಇದು ಬಹಳ ಹಿಡಿಸಿತು, ಯಾಕೆಂದರೆ ಖರ್ಚಿಲ್ಲ.

ಅಲ್ಲಿಂದ ಇಳಿಜಾರು. ಮಕ್ಕಳು ಬಾಯಿಪಾಠ ಒಪ್ಪಿಸುವುದರಲ್ಲಿ ಗಟ್ಟಿಯಾದರು, ಅರ್ಥ ಮಾಡಿಕೊಳ್ಳುವುದರಲ್ಲಿ ಸೊರಗಿದರು. ಹೇಳಿಕೊಡುವ ಹುಡುಗನ ಸ್ವಂತ ಓದು ಅಲ್ಲಿಗೇ ನಿಂತಿತು. ಕೊನೆಗೆ 1846ರಲ್ಲಿ ಬ್ರಿಟನ್ ಬೇರೆ ದಾರಿ ಹಿಡಿಯಿತು: ಹದಿಮೂರು ತುಂಬಿದ ಮಗುವನ್ನು ಐದು ವರ್ಷದ ಕರಾರಿನ ಮೇಲೆ ತೆಗೆದುಕೊಳ್ಳುವುದು, ಸಂಬಳದಂತೆ ಒಂದಿಷ್ಟು ಹಣ ಕೊಡುವುದು, ಹೆಡ್‌ಮೇಷ್ಟ್ರು ದಿನವೂ ಆ ಮಗುವಿಗೆ ಪಾಠ ಹೇಳುವುದು, ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಬಂದು ಪರೀಕ್ಷಿಸುವುದು. ಹೇಳಿಕೊಡುವ ಮಗುವಿಗೂ ಹೇಳಿಕೊಡುವವರು ಬೇಕು ಎಂದು ಅವರಿಗೆ ಹೊಳೆಯಲು ಅರ್ಧ ಶತಮಾನ ಬೇಕಾಯಿತು. ನಮಗೆ ಅಷ್ಟು ಪುರುಸೊತ್ತಿಲ್ಲ.

ಸಂಶೋಧನೆಯ ಲೆಕ್ಕವೂ ಇದನ್ನೇ ಹೇಳುತ್ತದೆ. 1982ರಲ್ಲಿ ಅಮೆರಿಕದ ಸಂಶೋಧಕರು ಸಹಪಾಠಿಗಳಿಂದ ನಡೆದ ಪಾಠದ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದರು. ಕಲಿಯುವ ಮಕ್ಕಳ ಅಂಕ ಅಳೆದ 52 ಅಧ್ಯಯನಗಳಲ್ಲಿ 45ರಲ್ಲಿ ಲಾಭ ಕಂಡಿತ್ತು, ಹೇಳಿಕೊಟ್ಟವರ ಕಲಿಕೆ ಅಳೆದ 38ರಲ್ಲಿ 33ರಲ್ಲಿ ಅವರಿಗೂ ಲಾಭವಾಗಿತ್ತು. ಇದು ಶಾಲೆಯೊಳಗೆ, ಎದುರುಬದುರು ಕೂತು ನಡೆದ ಪಾಠದ ಮಾತು. 2020ರ ಲಾಕ್‌ಡೌನಿನಲ್ಲಿ ಇಟಲಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಡ ಮಾಧ್ಯಮಿಕ ಮಕ್ಕಳಿಗೆ ವಾರಕ್ಕೆ ಮೂರು ಗಂಟೆ ಆನ್‌ಲೈನ್ ಪಾಠ ಹೇಳಿದಾಗ ಅಂಕಗಳು 0.26 ಮಾನಕ ವಿಚಲನೆಯಷ್ಟು ಮೇಲೇರಿದವು. ಶಿಕ್ಷಣ ಸಂಶೋಧನೆಯಲ್ಲಿ ಇದು ಸಣ್ಣ ಅಂಕಿಯಲ್ಲ. ಮಕ್ಕಳ ಮನಸ್ಸೂ ಹಗುರಾಯಿತು ಎಂದು ಅಧ್ಯಯನ ನಡೆಸಿದ ಮಿಕೆಲಾ ಕಾರ್ಲಾನಾ, ಎಲಿಯಾನಾ ಲಾ ಫೆರಾರಾ ದಾಖಲಿಸಿದ್ದಾರೆ. ಅಮೆರಿಕದಲ್ಲಿ ಕಾಲೇಜು ಮಕ್ಕಳಿಂದ ನಡೆದ ಇನ್ನೊಂದು ಪ್ರಯೋಗದಲ್ಲಿ ಫಲ ಎಷ್ಟು ಸಣ್ಣದಿತ್ತೆಂದರೆ, ಇದೆ ಎಂದು ಖಚಿತವಾಗಿ ಹೇಳಲೂ ಆಗಲಿಲ್ಲ. ಎರಡರ ನಡುವಿನ ವ್ಯತ್ಯಾಸ ನೋಡಿ. ಇಟಲಿಯಲ್ಲಿ ಹೇಳಿಕೊಡುವವರಿಗೆ ತರಬೇತಿ ಇತ್ತು, ಬೆನ್ನ ಹಿಂದೆ ಶಿಕ್ಷಣ ತಜ್ಞರಿದ್ದರು. ಅಮೆರಿಕದಲ್ಲಿ ಇಡೀ ಅವಧಿಯಲ್ಲಿ ಒಂದು ಮಗುವಿಗೆ ಸಿಕ್ಕ ಪಾಠ ಸರಾಸರಿ ಮೂರು ಗಂಟೆ ಚಿಲ್ಲರೆ. ನೆನಪಿರಲಿ, ಇವೆರಡರಲ್ಲೂ ಹೇಳಿಕೊಟ್ಟವರು ವಯಸ್ಕರು. ನಾವು ಹೈಸ್ಕೂಲು, ಪಿಯು ಮಕ್ಕಳ ಮೇಲೆ ಹೊರಿಸುತ್ತಿದ್ದೇವೆ.

ಇನ್ನು ಆ ಕರೆ ನಿಜಕ್ಕೂ ಹೇಗೆ ನಡೆಯುತ್ತದೆ ಎಂದು ಹತ್ತಿರ ಹೋಗಿ ನೋಡೋಣ. ಜೋಗುಪಾಳ್ಯದ್ದೋ ದೂರವಾಣಿನಗರದ ಹಿಂಬದಿಯದ್ದೋ ಒಂದು ಒಂಟಿಕೋಣೆ ಮನೆ. ಫೋನು ಒಂದೇ, ಅದು ಅಮ್ಮನದು. ಅಮ್ಮ ಮನೆಗೆಲಸ ಮುಗಿಸಿ ಬರುವುದು ಏಳು ಗಂಟೆಗೆ. ಬಂದ ಮೇಲೆ ಫೋನು ಚಾರ್ಜಿಗೆ ಹಾಕಬೇಕು, ಊರಿಗೆ ಮಾತಾಡಬೇಕು. ಅಷ್ಟರಲ್ಲಿ ಅಣ್ಣ ರೀಲ್ಸ್ ನೋಡಿ ದಿನದ ಒಂದೂವರೆ ಜಿಬಿ ಖಾಲಿ ಮಾಡಿರುತ್ತಾನೆ. ಇತ್ತ ಪಾಠ ಹೇಳುವ ಹುಡುಗಿಗೆ ಬಿಡುವಿರುವುದು ಐದರಿಂದ ಆರು, ಆರೂವರೆಗೆ ಅವಳ ನೀಟ್ ಕೋಚಿಂಗ್. ಮೊದಲ ವಾರ ಐದು ಗಂಟೆ ಎಂದು ನಿಗದಿಯಾಗುತ್ತದೆ. “ಅಕ್ಕಾ, ಅಮ್ಮ ಇನ್ನೂ ಬಂದಿಲ್ಲ” ಎಂದು ಪಕ್ಕದ ಮನೆಯವರ ಫೋನಿನಿಂದ ಮೆಸೇಜು ಬರುತ್ತದೆ. ಎರಡನೇ ವಾರ ಏಳೂವರೆ, ಆಮೇಲೆ ಎಂಟೂವರೆ. ತಿಂಗಳು ಕಳೆಯುವಷ್ಟರಲ್ಲಿ ಪಾಠ ರಾತ್ರಿ ಒಂಬತ್ತೂವರೆಗೆ ಬಂದು ನಿಂತಿರುತ್ತದೆ. ಶಾಲೆ ಕೊಟ್ಟ ಲಿಂಕು ಓಪನ್ ಆಗಲಿಲ್ಲವೆಂದು ನೇರ ವಾಟ್ಸಾಪ್ ಕರೆ. ಮನೆಯವರಿಗೆ ಸದ್ದಾಗಬಾರದೆಂದು ಇಯರ್‌ಫೋನು, ಬಾಗಿಲು ಮುಂದೆ. ಯಾರೂ ಕೆಟ್ಟ ಉದ್ದೇಶದಿಂದ ಇದನ್ನು ಮಾಡಿಲ್ಲ. ದಿನಕ್ಕಿಷ್ಟು ಜಾರಿ ಜಾರಿ ಅಲ್ಲಿಗೆ ಬಂದಿದೆ. ಈಗ ಹೇಳಿಕೊಡುವವನು ಹದಿನೇಳರ ಹುಡುಗ, ಕಲಿಯುವವಳು ಹನ್ನೆರಡರ ಹುಡುಗಿ ಎಂದು ಪಾತ್ರ ಬದಲಿಸಿ ನೋಡಿ. ಅಥವಾ ಹೇಳಿಕೊಡುವವಳು ಹುಡುಗಿಯೇ, ಅವಳ ನಂಬರು ಈಗ ಆ ಮನೆಯ ಅಣ್ಣನ ಹತ್ತಿರವೂ, ಪಕ್ಕದ ಮನೆಯವರ ಹತ್ತಿರವೂ ಇದೆ ಎಂದುಕೊಳ್ಳಿ.

(1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನು ಮಾಡಿ ಕಳಿಸಿದ್ದು ಇದೇ ದೂರವಾಣಿನಗರದಿಂದ. ಅದರ ಗೋಡೆಯಾಚೆಯ ಮಗುವಿನ ಕೈಗೆ ಫೋನು ಸಿಗಲು ಇವತ್ತಿಗೂ ರಾತ್ರಿಯಾಗಬೇಕು.)

ಪಾಠದ ವಿಷಯಕ್ಕೆ ಬಂದರೆ, ಶಿವಾಜಿನಗರದ ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡ, ಉರ್ದು, ತಮಿಳು ಮಾಧ್ಯಮಗಳೆಲ್ಲ ಇವೆ. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಪಾಠ ಹೇಳುವ ಆಪಾಳದು ಇಂಗ್ಲಿಷ್. ಅವಳು ಎಲ್‌ಸಿಎಂ ತೆಗಿ ಅನ್ನುತ್ತಾಳೆ, ಅವನ ಪುಸ್ತಕದಲ್ಲಿರುವುದು ಲ.ಸಾ.ಅ. ಹುಡುಗ ಗೊತ್ತಾಯಿತೆಂದು ತಲೆಯಾಡಿಸುತ್ತಾನೆ, ಪರದೆಯಲ್ಲಿ ಅದು ಗೊತ್ತಾದಂತೆಯೇ ಕಾಣುತ್ತದೆ. ಅವನ ಪಠ್ಯಪುಸ್ತಕವನ್ನು ಅವಳು ಕಣ್ಣಲ್ಲೂ ಕಂಡಿರುವುದಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ಪುಸ್ತಕಗಳೂ ಬಿಟ್ಟಿ ಸಿಗುತ್ತವೆ, ಇಳಿಸಿಕೊಂಡು ಓದಿ ಎಂದು ಅವಳಿಗೆ ಹೇಳಿದವರಿಲ್ಲ. ಈಗ ಹೊಸದೊಂದು ಅಡ್ಡದಾರಿಯೂ ಸೇರಿಕೊಂಡಿದೆ. ಹುಡುಗ ಲೆಕ್ಕದ ಫೋಟೊ ಕಳಿಸುತ್ತಾನೆ, ಅವಳು ಅದನ್ನು ಚಾಟ್‌ಜಿಪಿಟಿಗೆ ಹಾಕುತ್ತಾಳೆ, ಉತ್ತರ ವಾಪಸು ಬರುತ್ತದೆ. ಗಂಟೆಯ ಲೆಕ್ಕಕ್ಕೆ ಇದೂ ಸೇರುತ್ತದೆ.

ಮತ್ತೊಂದು ಸಂಗತಿಯನ್ನು ಯಾರೂ ಗಮನಿಸಿದಂತಿಲ್ಲ. ಸಿಬಿಎಸ್‌ಇ, ಐಸಿಎಸ್‌ಇ ಬೋರ್ಡ್ ಪರೀಕ್ಷೆಗಳು ಫೆಬ್ರವರಿ ನಡುವಿಗೆ ಶುರುವಾಗುತ್ತವೆ, ಹನ್ನೊಂದನೆಯವರ ಪರೀಕ್ಷೆಯೂ ಅದರ ಆಸುಪಾಸಿನಲ್ಲೇ. ಜನವರಿ ಕೊನೆಯ ವಾರದಿಂದ ಅಕ್ಕಂದಿರು, ಅಣ್ಣಂದಿರು ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಸರ್ಕಾರಿ ಶಾಲೆಯ ಮಗುವಿಗೆ ವಾರ್ಷಿಕ ಪರೀಕ್ಷೆ ಇರುವುದು ಮಾರ್ಚಿನಲ್ಲಿ. ನೆರವು ಬೇಕಾದ ಎರಡು ತಿಂಗಳು ನೆರವಿಲ್ಲ. ಏಪ್ರಿಲಿನಲ್ಲಿ ಹೊಸ ಮುಖ, ಹೊಸ ನಂಬರು, ಮತ್ತೆ ಮೊದಲಿನಿಂದ ಪರಿಚಯ. ಎರಡು ಸಲ ಹೀಗಾದರೆ ಮಗು ಮೂರನೆಯವರ ಹತ್ತಿರ ಬಾಯಿಬಿಡುವುದಿಲ್ಲ. ಬಿಟ್ಟುಹೋಗುವವರನ್ನು ಆಗಲೇ ಸಾಕಷ್ಟು ಕಂಡಿರುವ ಮಕ್ಕಳು ಇವರು.

ಬಾಯಿಬಿಟ್ಟ ಮಗುವಿನ ಕತೆ ಇದಕ್ಕಿಂತ ಭಾರ. ಪಾಠ ಹೇಳುತ್ತ ಹೇಳುತ್ತ ಸಲುಗೆ ಬೆಳೆಯುತ್ತದೆ, ಈ ಕೆಲಸದ ಚೆಲುವೂ ಅದೇ. ಒಂದು ರಾತ್ರಿ ಹುಡುಗ, ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆದದ್ದನ್ನು ಹೇಳುತ್ತಾನೆ. ಇನ್ನೊಬ್ಬಳು ಮಾವನೊಬ್ಬ ಮೈಮುಟ್ಟಿದ್ದನ್ನು ಹೇಳುತ್ತಾಳೆ, ಯಾರಿಗೂ ಹೇಳಬೇಡ ಅಕ್ಕಾ ಎಂದು ಆಣೆ ಹಾಕಿಸಿಕೊಳ್ಳುತ್ತಾಳೆ. ಹದಿನಾರರ ಹುಡುಗಿ ಅದನ್ನು ಎಲ್ಲಿ ಇಳಿಸಬೇಕು? ಅಮ್ಮನಿಗೆ ಹೇಳಿದರೆ ಪಾಠವೇ ನಿಂತುಹೋದೀತು ಎಂಬ ಭಯ. ಶಾಲೆಯ ಸಂಯೋಜಕರು ಸಹಿ ಹಾಕಲು ಸಿಗುವುದು ತಿಂಗಳಿಗೊಮ್ಮೆ. ಒಳಗೇ ಇಟ್ಟುಕೊಳ್ಳುತ್ತಾಳೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಮುಚ್ಚಿಟ್ಟದ್ದು ಮಗುವಾದರೆ ಆ ಶಿಕ್ಷೆಯಿಂದ ವಿನಾಯಿತಿ ಇದೆ. ಕಾನೂನು ಹುಡುಗಿಯನ್ನು ಬಿಟ್ಟುಬಿಡುತ್ತದೆ, ಅವಳ ಶಾಲೆಯನ್ನು ಬಿಡುವುದಿಲ್ಲ ಎಂಬುದು ಪ್ರಿನ್ಸಿಪಾಲರ ತಲೆಯಲ್ಲಿರಬೇಕು. ಮಕ್ಕಳ ಸಹಾಯವಾಣಿ 1098 ಎಂಬ ನಾಲ್ಕಂಕಿಯನ್ನು ಪಾಠ ಶುರುವಾಗುವ ಮೊದಲ ದಿನವೇ ಎರಡೂ ಕಡೆಯ ಮಕ್ಕಳಿಗೆ ಹೇಳಲು ಎಷ್ಟು ಹೊತ್ತು ಬೇಕು?

ಫೋಟೊದ ವಿಷಯದಲ್ಲಿ ನಮಗೆ ತಾಳ್ಮೆ ಕಡಿಮೆ. ಪರದೆಯ ಮೇಲೆ ಸರ್ಕಾರಿ ಶಾಲೆಯ ಮಗುವಿನ ಮುಖ, ಹಿಂದೆ ಮನೆಯ ಗೋಡೆ, ಹಗ್ಗದ ಮೇಲೆ ಒಣಗಿದ ಬಟ್ಟೆ. ಅದರ ಸ್ಕ್ರೀನ್‌ಶಾಟ್ ಇನ್‌ಸ್ಟಾಗ್ರಾಮಿಗೆ, ಲಿಂಕ್ಡ್‌ಇನ್‌ಗೆ ಹೋಗುತ್ತದೆ, ‘ಧನ್ಯೋಸ್ಮಿ’ ಎಂಬರ್ಥದ ಒಂದು ಸಾಲಿನೊಂದಿಗೆ. ಆ ಮಗುವಿನ ಅಪ್ಪ ಅಮ್ಮನನ್ನು ಕೇಳಿದ್ದೀರಾ? ಅದೇ ಇಂಗ್ಲಿಷ್ ಶಾಲೆ ತನ್ನ ಮಕ್ಕಳ ಒಂದು ಫೋಟೊ ಹಾಕುವ ಮೊದಲು ಪೋಷಕರ ಸಹಿ ಕೇಳುತ್ತದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಎನ್ನುತ್ತದೆ. ಮಕ್ಕಳ ವಿಷಯದಲ್ಲಿ ಸಂಸ್ಥೆಗಳು ತಪ್ಪಿದರೆ ದಂಡ ₹200 ಕೋಟಿವರೆಗೆ ಹೋಗಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು, ಮುಖ್ಯ ಭಾಗಗಳು ಹದಿನೆಂಟು ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರಬೇಕು. ಶಾಲೆಗಳೂ ಸ್ವಯಂಸೇವಾ ಸಂಸ್ಥೆಗಳೂ ಮಕ್ಕಳ ಹೆಸರು, ನಂಬರು, ಅಂಕಗಳನ್ನು ಗೂಗಲ್ ಶೀಟಿನಲ್ಲಿ ಹಾಕಿ, ಪಾಠದ ಗುಂಪು ಕಟ್ಟಿದ ಹದಿನಾರರ ‘ಸಂಸ್ಥಾಪಕ’ರ ಕೈಗೆ ಕೊಡುವ ರೂಢಿಯನ್ನು ಅಷ್ಟರೊಳಗೆ ಬಿಡಬೇಕು.

ಇದೆಲ್ಲಕ್ಕಿಂತ ನಿಧಾನವಾಗಿ ಬರುವ, ಬಂದರೆ ಹೋಗದ ಅಪಾಯ ಇನ್ನೊಂದಿದೆ. ಬಿಟ್ಟಿ ಸಿಗುವ ಪಾಠ ಶಿಕ್ಷಕರ ಕೊರತೆಯನ್ನು ಮುಚ್ಚುವ ಪರದೆಯಾಗುತ್ತದೆ. ಸರ್ಕಾರಿ ಶಾಲೆಗಳು ಪ್ರತಿವರ್ಷ ಸಾವಿರಗಟ್ಟಲೆ ಅತಿಥಿ ಶಿಕ್ಷಕರ ಮೇಲೆ ನಡೆಯುತ್ತಿವೆ. ಬಿಬಿಎಂಪಿ ಶಾಲೆಗಳಿಗೆ ಸೆಕ್ಯೂರಿಟಿ ಏಜೆನ್ಸಿಗಳ ಮೂಲಕ ಹೊರಗುತ್ತಿಗೆಯಲ್ಲಿ ಶಿಕ್ಷಕರನ್ನು ತೆಗೆದುಕೊಂಡದ್ದು ಕೆಲ ವರ್ಷದ ಹಿಂದೆ ದೊಡ್ಡ ಸುದ್ದಿಯಾಗಿತ್ತು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ, ಐದು ಪಾಲಿಕೆಗಳಿವೆ. ಶಿವಾಜಿನಗರ ಕೇಂದ್ರ ಪಾಲಿಕೆಗೆ, ಕೆ.ಆರ್.ಪುರ ಪೂರ್ವಕ್ಕೆ. ಹೊಸ ಪಾಲಿಕೆಗಳು ‘ನಮ್ಮಲ್ಲಿ ಗಣಿತಕ್ಕೆ ಆನ್‌ಲೈನ್ ಸ್ವಯಂಸೇವಕರಿದ್ದಾರೆ’ ಎಂದು ಕಡತದಲ್ಲಿ ಬರೆದುಕೊಂಡ ದಿನ, ಗಣಿತದ ಹುದ್ದೆ ಖಾಲಿಯೇ ಉಳಿಯುವುದು ಖಾತ್ರಿ. ಬೆಲ್ ಮತ್ತು ಲ್ಯಾಂಕಾಸ್ಟರರ ಕಾಲದಲ್ಲಿ ಆದದ್ದೂ ಇದೇ.

ನೀತಿಯ ಕಾಗದದಲ್ಲಿ ಈ ಎಚ್ಚರ ಇಲ್ಲದೆ ಇಲ್ಲ. ಬೆಂಗಳೂರಿನ ವಿಜ್ಞಾನಿ ಕೆ. ಕಸ್ತೂರಿರಂಗನ್ ಸಮಿತಿಯ 2019ರ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡಿನಲ್ಲಿ ಪ್ರತಿ ಶಾಲೆಯ ಚುರುಕು ಮಕ್ಕಳು ವಾರಕ್ಕೆ ಐದು ಗಂಟೆವರೆಗೆ ಚಿಕ್ಕವರಿಗೆ ಹೇಳಿಕೊಡುವ ‘ರಾಷ್ಟ್ರೀಯ ಟ್ಯೂಟರ್’ ಯೋಜನೆಯೇ ಇತ್ತು. 2020ರಲ್ಲಿ ಅಂತಿಮವಾದ ನೀತಿಯಲ್ಲಿ ಅದು ತಗ್ಗಿ, ತರಬೇತಾದ ಶಿಕ್ಷಕರ ಮೇಲ್ವಿಚಾರಣೆಯಲ್ಲಿ, ಸುರಕ್ಷತೆ ನೋಡಿಕೊಂಡು, ಇಷ್ಟಪಟ್ಟು ಮಾಡುವ ಚಟುವಟಿಕೆಯಾಯಿತು. ಕರ್ನಾಟಕ ಆ ನೀತಿಯನ್ನು ಮೊದಲು ಒಪ್ಪಿ, ಸರ್ಕಾರ ಬದಲಾದ ಮೇಲೆ ಕೈಬಿಟ್ಟಿತು. ರಾಜ್ಯದ್ದೇ ನೀತಿ ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಆಯೋಗದ ವರದಿ 2025ರ ಆಗಸ್ಟಿನಲ್ಲಿ ಸರ್ಕಾರದ ಕೈಸೇರಿತು. ನೀತಿ ಯಾರದ್ದಾದರೂ ಇರಲಿ, ಮೇಲ್ವಿಚಾರಣೆ, ಸುರಕ್ಷತೆ ಎಂಬ ಎರಡು ಮಾತನ್ನು ಉಳಿಸಿಕೊಳ್ಳಲು ಯಾವ ಪಕ್ಷದ ಅಡ್ಡಿಯೂ ಇರಬಾರದು.

ಈಗಲೇ ಯಾಕೆ ಇಷ್ಟು ಗದ್ದಲ ಎಂದು ಕೇಳುವವರಿಗೆ 2020 ನೆನಪಿರಲಿ. ಶಾಲೆಗಳು ಮಾರ್ಚಿನಲ್ಲಿ ಮುಚ್ಚಿದವು. ಆನ್‌ಲೈನ್ ತರಗತಿಗೆ ಯಾವ ನಿಯಮವೂ ಇರಲಿಲ್ಲ, ದೂರುಗಳು ಬಂದವು. ಜೂನ್‌ನಲ್ಲಿ ಸರ್ಕಾರ ಐದನೇ ತರಗತಿವರೆಗೆ ಆನ್‌ಲೈನ್ ಪಾಠವನ್ನೇ ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಗಸ್ಟಿನಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ‘ವಿದ್ಯಾಗಮ’ ಬಂತು, ಸೋಂಕಿನ ಸುದ್ದಿ ಹೆಚ್ಚಿದ್ದೇ ಅಕ್ಟೋಬರಿನಲ್ಲಿ ನಿಂತಿತು, 2021ರ ಜನವರಿಯಲ್ಲಿ ಬೇರೆ ರೂಪದಲ್ಲಿ ಮತ್ತೆ ಶುರುವಾಯಿತು. ಮೊದಲು ನಿಯಮವೇ ಇಲ್ಲ, ಆಮೇಲೆ ಪೂರ್ತಿ ನಿಷೇಧ, ಅದರ ಮೇಲೆ ಕೋರ್ಟು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಇಲಾಖೆಗಳ ಹಳೆಯ ಚಾಳಿ. ಆನ್‌ಲೈನ್ ಅಕ್ಕ-ತಮ್ಮಂದಿರ ಒಂದು ಕರೆಯಲ್ಲಿ ಏನಾದರೂ ಕೆಟ್ಟದ್ದು ನಡೆದು ಟಿವಿಯಲ್ಲಿ ಬಂದರೆ, ಮರುದಿನವೇ ಎಲ್ಲಕ್ಕೂ ಬೀಗ ಬೀಳುತ್ತದೆ. ಚೆನ್ನಾಗಿ ನಡೆಯುತ್ತಿರುವುದೂ ಅದರೊಡನೆ ಹೋಗುತ್ತದೆ.

ಚೆನ್ನಾಗಿ ನಡೆಸುವುದು ಹೇಗೆಂದು ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇವಿದ್ಯಾಲೋಕದ ಸ್ವಯಂಸೇವಕರು ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಆನ್‌ಲೈನಿನಲ್ಲೇ ಪಾಠ ಹೇಳುತ್ತಾರೆ. ಆದರೆ ಮಕ್ಕಳು ಕೂರುವುದು ಶಾಲೆಯ ಕೋಣೆಯಲ್ಲಿ, ಪಕ್ಕದಲ್ಲಿ ಅದೇ ಊರಿನ ಸಹಾಯಕರೊಬ್ಬರು ಇರುತ್ತಾರೆ. 2009ರಿಂದ ಇಲ್ಲೇ ಇರುವ ಮೆಂಟರ್ ಟುಗೆದರ್‌ನಲ್ಲಿ ಮಾರ್ಗದರ್ಶಕರು ಉದ್ಯೋಗದಲ್ಲಿರುವ ವಯಸ್ಕರು. ಸ್ಕೂಲ್‌ಹೌಸ್‌ನಲ್ಲಿ ಕೂಡ ಹೇಳಿಕೊಡುವ ಮಗು ಮೊದಲು ಆ ವಿಷಯದಲ್ಲಿ ಪರೀಕ್ಷೆ ಕೊಟ್ಟು, ತನ್ನ ವಿವರಣೆಯನ್ನು ರೆಕಾರ್ಡ್ ಮಾಡಿ ತೋರಿಸಬೇಕು. ಬೇಲಿ ಇಲ್ಲದಿರುವುದು ಶಾಲೆಗಳೇ ತಮ್ಮಷ್ಟಕ್ಕೆ, ಅಥವಾ ನಾಲ್ಕು ಮಕ್ಕಳು ಸೇರಿ ಒಂದು ಹೆಸರಿಟ್ಟುಕೊಂಡು ನಡೆಸುವ ವಾಟ್ಸಾಪ್ ಗುಂಪುಗಳಿಗೆ.

ಮೊದಲ ಕೆಲಸ, ಪಾಠವನ್ನು ಮನೆಯಿಂದ ಶಾಲೆಗೆ ತರುವುದು. ಸರ್ಕಾರಿ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಒಂದು ಕೋಣೆ, ಒಂದೆರಡು ಟ್ಯಾಬ್ ಅಥವಾ ಸ್ಮಾರ್ಟ್ ಟಿವಿ, ಒಬ್ಬ ಟೀಚರ್. ಆ ಒಂದು ಗಂಟೆಗೆ ಟೀಚರಿಗೆ ಗೌರವಧನವನ್ನು ಇಂಗ್ಲಿಷ್ ಶಾಲೆಯೋ ಅಪಾರ್ಟ್‌ಮೆಂಟ್ ಸಂಘವೋ ಕೊಡಲಿ. ಸೇವೆಯ ಹೆಸರಿನಲ್ಲಿ ಅವರ ಮಕ್ಕಳಿಗೆ ಸಿಗುವ ಸರ್ಟಿಫಿಕೇಟಿಗೆ ಹೋಲಿಸಿದರೆ ಅದೇನೂ ದುಬಾರಿಯಲ್ಲ. ಒಬ್ಬರಿಗೊಬ್ಬರು ಎಂಬ ಗುಟ್ಟಿನ ಜೋಡಿಗಿಂತ ಇಬ್ಬರು ಅಕ್ಕಂದಿರು, ಮೂವರು ಮಕ್ಕಳು ಎಂಬ ಗುಂಪು ಮೇಲು. ಒಬ್ಬಳು ಪರೀಕ್ಷೆಗೆ ಹೋದರೂ ಇನ್ನೊಬ್ಬಳು ಇರುತ್ತಾಳೆ. ಸ್ವಂತ ನಂಬರು ಕೊಡುವ ಹಾಗಿಲ್ಲ ಎಂಬುದು ಎರಡೂ ಕಡೆಗೆ ಕಟ್ಟುನಿಟ್ಟಾಗಬೇಕು. ಇಂಗ್ಲಿಷ್ ಶಾಲೆಯಲ್ಲೂ ಹೇಳಿಕೊಡುವ ಮಕ್ಕಳು ವಾರಕ್ಕೊಮ್ಮೆ ಮಾತಾಡಬಹುದಾದ ಒಬ್ಬ ಕೌನ್ಸೆಲರೋ ಟೀಚರೋ ಇರಬೇಕು, ಅವರ ಹೆಸರು ಮಕ್ಕಳಿಗೆ ಗೊತ್ತಿರಬೇಕು. ಸರ್ಟಿಫಿಕೇಟಿನ ಮೇಲೆ ಗಂಟೆ ಬರೆಯುವುದನ್ನು ಬಿಟ್ಟು, ಜೂನ್‌ನಿಂದ ಮಾರ್ಚ್‌ವರೆಗೆ ಒಂದೇ ಮಕ್ಕಳ ಜೊತೆ ಉಳಿದರೋ ಇಲ್ಲವೋ ಎಂಬುದನ್ನು ಬರೆಯಲಿ.

ನಮಗೆ ತೀರ ಇಷ್ಟವಾದ ಇನ್ನೊಂದು ಮಾತಿದೆ. ಕೊಡುವುದೆಲ್ಲ ಇಂದಿರಾನಗರದಿಂದ, ತೆಗೆದುಕೊಳ್ಳುವುದೆಲ್ಲ ಕೆ.ಆರ್.ಪುರಕ್ಕೆ ಎಂದು ಯಾಕಿರಬೇಕು? 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ಮಕ್ಕಳೂ ಕನ್ನಡ ಕಲಿಯಬೇಕು. ಅಪಾರ್ಟ್‌ಮೆಂಟಿನ ಮೂರನೇ ತರಗತಿಯ ಮಗು ಒತ್ತಕ್ಷರದ ಮುಂದೆ ಅಳುತ್ತ ಕೂತಿರುತ್ತದೆ, ಅಪ್ಪ ಅಮ್ಮನಿಗೆ ಕನ್ನಡ ಬಾರದು, ಟ್ಯೂಷನ್ನಿಗೆ ತಿಂಗಳಿಗೆ ಸಾವಿರಗಟ್ಟಲೆ. ಕೆ.ಆರ್.ಪುರದ ಸರ್ಕಾರಿ ಹೈಸ್ಕೂಲಿನ ಒಂಬತ್ತನೇ ತರಗತಿಯ ಹುಡುಗಿ ಆ ಮಗುವಿಗೆ ಕಾಗುಣಿತ, ಒತ್ತಕ್ಷರ ಹೇಳಿಕೊಡಬಲ್ಲಳು. ಅದೇ ಲಿಂಕು, ಅದೇ ಕೋಣೆ, ಅದೇ ಟೀಚರ್. ಆಗ ಅವಳ ಕೈಯಲ್ಲೂ ಒಂದು ಸರ್ಟಿಫಿಕೇಟು ಇರುತ್ತದೆ, ಅವಳೂ ಒಂದು ಮಗುವಿಗೆ ಅಕ್ಕನಾಗಿರುತ್ತಾಳೆ. ಸ್ಕ್ರೀನ್‌ಶಾಟ್ ತೆಗೆಯುವ ಹುರುಪು ಆಗ ಎಷ್ಟು ಉಳಿಯುತ್ತದೋ ನೋಡಬೇಕು.

ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ಹೊಸ ವರ್ಷ ಏಪ್ರಿಲ್‌ನಿಂದ ಜೂನ್ ನಡುವೆ ಶುರುವಾಗುತ್ತದೆ, ಸರ್ಕಾರಿ ಶಾಲೆಗಳು ಮೇ ಕೊನೆಗೆ ತೆರೆಯುತ್ತವೆ. ಮಾತುಕತೆಗೆ ಸರಿಯಾದ ಹೊತ್ತು ಆ ಮೇ ತಿಂಗಳು. ಬಿಇಒ ಕಚೇರಿ ಎರಡೂ ಕಡೆಯ ಮುಖ್ಯಶಿಕ್ಷಕರನ್ನೂ ಎಸ್‌ಡಿಎಂಸಿ ಸದಸ್ಯರನ್ನೂ ಒಂದು ಮೇಜಿಗೆ ಕರೆಯಲಿ. ಎರಡು ಪುಟದ ಒಪ್ಪಂದ ಸಾಕು: ಯಾವ ಕೋಣೆ, ಯಾವ ಹೊತ್ತು, ಯಾವ ಟೀಚರ್, ದೂರು ಯಾರಿಗೆ, ಫೋಟೊ ಇಲ್ಲ, ಖಾಲಿ ಹುದ್ದೆಗೆ ಇದು ಬದಲಿಯಲ್ಲ. ಸಭೆಯನ್ನು ಭಾನುವಾರ ಇಡಲಿ, ಮನೆಗೆಲಸದ ಅಮ್ಮನಿಗೆ ಬಿಡುವಿರುವುದು ಆವತ್ತು ಮಧ್ಯಾಹ್ನ ಮಾತ್ರ. ಹೇಳಿಕೊಡಲು ಹೊರಟ ಹುಡುಗಿಯ ಅಪ್ಪ ಅಮ್ಮನನ್ನೂ ಅದೇ ಸಭೆಗೆ ಕರೆದು, ಅವರ ಮಗಳ ಪರವಾಗಿಯೂ ಒಂದು ಸಹಿ ತೆಗೆದುಕೊಳ್ಳಲಿ.